ಸ್ಟೆಪ್ನಿ ಮೇಲೆ ಗ್ರೈಂಡರ್: ಮಳೆಗಾಲದಲ್ಲಿ ಶಿರಾಡಿ ಇಳಿಯುವವರಿಗೆ

ನಮ್ಮ ಕಾರಿನಲ್ಲಿ ಎಲ್ಲ ಇತ್ತು. ಮೊದಲೇ ಹೇಳಿಬಿಡ್ತೀನಿ, ಏಕೆಂದರೆ ಆಮೇಲೆ ಎಲ್ಲರೂ ಕೇಳಿದ್ದು ಅದನ್ನೇ. ಜಾಕ್ ಇತ್ತು, ಸ್ಟೆಪ್ನಿ ಇತ್ತು, ಕೆಂಪು ತ್ರಿಕೋನ ಇತ್ತು, ಟಾರ್ಚ್ ಇತ್ತು, ಅಪ್ಪನ ಮಾತ್ರೆಯೂ ಇತ್ತು. ಎಲ್ಲವೂ ಡಿಕ್ಕಿಯಲ್ಲಿ, ಎರಡು ಸೂಟ್‌ಕೇಸಿನ ಕೆಳಗೆ. ಸೂಟ್‌ಕೇಸಿನ ಮೇಲೆ ಅತ್ತೆಗೆ ತೆಗೆದುಕೊಂಡು ಹೊರಟಿದ್ದ ಹೊಸ ವೆಟ್ ಗ್ರೈಂಡರ್.

ಜುಲೈ ಕೊನೆಯ ಶನಿವಾರ. ಬೆಂಗಳೂರಿಂದ ಪುತ್ತೂರಿಗೆ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ ಮೇಲೆ. ನಾನು, ಹೆಂಡತಿ, ಏಳು ವರ್ಷದ ಮಗ, ಎಪ್ಪತ್ತೆರಡರ ಅಪ್ಪ. ಬೆಳಗ್ಗೆ ಆರಕ್ಕೆ ಹೊರಡಬೇಕಿತ್ತು, ಹೊರಟಾಗ ಹನ್ನೊಂದೂವರೆ. ಅಲ್ಲೇ ಮೊದಲ ತಪ್ಪು. ಮಳೆಗಾಲದಲ್ಲಿ ಘಾಟಿಯನ್ನು ಬೆಳಕಿರುವಾಗಲೇ ಇಳಿದು ಮುಗಿಸಬೇಕು. ಆರು ಗಂಟೆಗೇ ಅಲ್ಲಿ ಕಾಡು ಕತ್ತಲಾಗಿಬಿಡುತ್ತದೆ.

ಮಾರನಹಳ್ಳಿ ದಾಟಿ ಸ್ವಲ್ಪ ದೂರ ಇಳಿದಿದ್ದೆವು. ಎದುರಿಂದ ಬಂದ ಗ್ಯಾಸ್ ಟ್ಯಾಂಕರಿಗೆ ಜಾಗ ಬಿಡೋಣ ಅಂತ ಎಡಕ್ಕೆ ಸರಿದೆ. ಕಾಂಕ್ರೀಟ್ ರಸ್ತೆಯ ಅಂಚಿಂದ ಚಕ್ರ ಕೆಳಗಿಳಿಯಿತು. ಮತ್ತೆ ಮೇಲೆ ಹತ್ತಿಸುವಾಗ ಟೈರಿನ ಪಕ್ಕ ಸೀಳಿತು. ನನ್ನ ಹತ್ತಿರ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಇತ್ತು, ಅದನ್ನು ಬಳಸೋದೂ ಗೊತ್ತಿತ್ತು. ಆದರೆ ಆ ಕಿಟ್ಟಿನ ರಬ್ಬರ್ ದಾರ ತುರುಕೋದು ನೆಲಕ್ಕೆ ತಾಗುವ ಭಾಗದ ತೂತಿಗೆ ಮಾತ್ರ. ಪಕ್ಕದ ಗೋಡೆ ಹರಿದರೆ ಸ್ಟೆಪ್ನಿಯೇ ಗತಿ. ಟಿಪಿಎಂಎಸ್ (ಟೈರಿನ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ) ಮತ್ತು ರಿಪೇರಿ ಕಿಟ್ ಇರುವ ಟ್ಯೂಬ್‌ಲೆಸ್ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಅಂತ 2020ರಲ್ಲಿ ನಿಯಮ ಬಂದಿದೆ. ನಿಮ್ಮದು ಸ್ಟೆಪ್ನಿ ಇಲ್ಲದ ಕಾರಾಗಿದ್ದರೆ ಈ ಮಾತನ್ನು ತಲೆಯಲ್ಲಿಟ್ಟುಕೊಂಡೇ ಘಾಟಿಗೆ ಬನ್ನಿ.

ಇನ್ನು ಶುರುವಾಯಿತು ನೋಡಿ. ಧೋ ಅಂತ ಮಳೆ. ಗ್ರೈಂಡರನ್ನು ಇಳಿಸಿ ರಸ್ತೆ ಬದಿಗಿಟ್ಟೆ. ಸೂಟ್‌ಕೇಸ್ ಇಳಿಸಿದೆ. ಹೆಂಡತಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಹನ್ನೊಂದು ಪರ್ಸೆಂಟ್ ಚಾರ್ಜ್ ಇದ್ದ ಫೋನಿನ ಲೈಟ್ ಹಿಡಿದು ನಿಂತಳು. ಟಾರ್ಚ್ ಸಿಕ್ಕಿತು, ಆದರೆ ಹತ್ತಲಿಲ್ಲ. ಒಳಗೇ ಬಿಟ್ಟಿದ್ದ ಸೆಲ್ ಸೋರಿ, ಸ್ಪ್ರಿಂಗಿಗೆ ಬಿಳೀ ಪುಡಿ ಹತ್ತಿತ್ತು. ಜಾಕಿನ ಜೊತೆ ಬರುವ ಆ ಗೇಣುದ್ದದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಒಂದು ನಟ್ಟೂ ಜಪ್ಪಯ್ಯ ಅನ್ನಲಿಲ್ಲ. ನಾಲ್ಕು ದಿನದ ಹಿಂದಷ್ಟೇ ಅಲೈನ್‌ಮೆಂಟ್ ಮಾಡಿಸಿದ್ದೆ, ಆ ಅಂಗಡಿಯವರು ಗಾಳಿ ಗನ್ನಲ್ಲಿ ಟರ್ರ್ ಅಂತ ಬಿಗಿದು ಕಳಿಸಿದ್ದರು. ಸ್ಪ್ಯಾನರ್ ಮೇಲೆ ಹತ್ತಿ ನಿಂತೆ. ಕಾಲು ಜಾರಿ ಮೊಣಕಾಲು ತರಚಿತು, ನಟ್ಟು ಹಾಗೇ ಇತ್ತು.

ಇಪ್ಪತ್ತು ನಿಮಿಷದ ಮೇಲೆ ಒಂದು ಲಾರಿ ನಿಂತಿತು. ಡ್ರೈವರ್ ಇಳಿದು ಬಂದು ಮೊದಲು ಮಾಡಿದ್ದು ನಟ್ಟಿನ ಕೆಲಸ ಅಲ್ಲ. ಪಕ್ಕದ ಪೊದೆಯಿಂದ ಎಲೆ ತುಂಬಿದ ನಾಲ್ಕು ಕೊಂಬೆ ಮುರಿದು, ಹಿಂದಿನ ತಿರುವಿನ ಆಚೆಗೆ ರಸ್ತೆಯಲ್ಲಿ ಹರಡಿದ. ನಾನು ತ್ರಿಕೋನವನ್ನು ಕಾರಿನ ಬಾಲಕ್ಕೇ ಇಟ್ಟಿದ್ದೆ. ತಿರುವು ದಾಟಿ ಬರುವವನಿಗೆ ಅದು ಕಂಡರೂ ಬ್ರೇಕ್ ಹಿಡಿಯಲು ಟೈಮ್ ಎಲ್ಲಿರುತ್ತದೆ? ಸಮ ರಸ್ತೆಯಲ್ಲಿ ಸುಮಾರು ಐವತ್ತು ಮೀಟರ್ ಹಿಂದೆ ಇಟ್ಟರೆ ಆಯಿತು. ಘಾಟಿಯಲ್ಲಿ ತಿರುವಿಗೂ ಮುಂಚೆ ಇಡಬೇಕು. ಆಮೇಲೆ ಆತ ಎರಡಡಿ ಉದ್ದದ ಕಬ್ಬಿಣದ ಪೈಪ್ ತಂದು ನನ್ನ ಸ್ಪ್ಯಾನರಿನ ಹಿಡಿಗೆ ತೊಡಿಸಿ ಒಮ್ಮೆ ಒತ್ತಿದ. ಕಿರ್ರ್ ಅಂತು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ದುಡ್ಡು ಕೊಡಲು ಹೋದರೆ ಬೇಡ ಅಂದ. ಹೋಗುವ ಮುಂಚೆ ಕೇಳಿದ್ದು ಒಂದೇ: "ಸಾರ್, ಆ ಗ್ರೈಂಡರ್ ಯಾಕೆ ಮಳೇಲಿ ಕೂತಿದೆ?"

ಒಂದು ಮಾತು. ಹೀಗೆ ಇಟ್ಟ ಕೊಂಬೆ, ಕಲ್ಲುಗಳನ್ನು ಹೊರಡುವಾಗ ಮರೆಯದೆ ತೆಗೆಯಿರಿ. ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವರು ಬಂದು ಬೀಳುತ್ತಾರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಂಪುಹೊಳೆಯ ಹತ್ತಿರ ಬಂದರೆ ಸಾಲುಗಟ್ಟಿ ಗಾಡಿ ನಿಂತಿವೆ. ಮುಂದೆ ದೊಡ್ಡ ಮರ ಬಿದ್ದಿದೆಯಂತೆ. ನಾಲ್ಕು ಗಂಟೆ ಅಲ್ಲೇ. ಫೋನಿಗೆ ಸಿಗ್ನಲ್ ಇಲ್ಲ, ಆಮೇಲೆ ಚಾರ್ಜೂ ಇಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಮಾತ್ರೆ ಸೂಟ್‌ಕೇಸಿನಲ್ಲಿ, ಸೂಟ್‌ಕೇಸ್ ಮತ್ತೆ ಗ್ರೈಂಡರ್ ಕೆಳಗೆ. ಅದಕ್ಕಿಂತ ದೊಡ್ಡ ತೊಂದರೆ ಊಟದ್ದು. ಹೊಟ್ಟೆಗೆ ಏನೂ ಇಲ್ಲದೆ ಸಕ್ಕರೆ ಮಾತ್ರೆ ನುಂಗುವ ಹಾಗಿಲ್ಲ, ಸಕ್ಕರೆ ಇಳಿದು ಕೈಕಾಲು ನಡುಗಲು ಶುರುವಾದರೆ ಇನ್ನೂ ಕಷ್ಟ. ನಮ್ಮ ಹತ್ತಿರ ಇದ್ದದ್ದು ಮಗನ ಅರ್ಧ ಪೊಟ್ಟಣ ಬಿಸ್ಕತ್ತು. ಹಿಂದಿನ ಕಾರಿನವರು ಚಪಾತಿ ಕೊಟ್ಟರು. ಮಂಗಳೂರು ಕಡೆಯವರು, ಬುತ್ತಿ ಕಟ್ಟಿಕೊಳ್ಳದೆ ಘಾಟಿ ಇಳಿಯುವವರನ್ನು ನೋಡಿ ಅವರಿಗೆ ನಗು ಬಂದಿರಬೇಕು.

ಇದೆಲ್ಲ ಆದಮೇಲೆ ಸಾಮಾನು ಜಾಸ್ತಿ ಮಾಡಿಕೊಳ್ಳಲಿಲ್ಲ. ಇದ್ದದ್ದರ ಜಾಗ ಬದಲಿಸಿದೆ.

ಮೈಮೇಲೆ ಇರಬೇಕಾದ್ದು ಸ್ವಲ್ಪವೇ. ಕಾರು ಬಿಟ್ಟು ಇಳಿಯಬೇಕಾಗಿ ಬಂದರೆ ಜೊತೆಗೆ ಬರುವುದು ಅದೊಂದೇ ತಾನೆ? ನಾನೀಗ ಒಂದು ಸಣ್ಣ ಅಡ್ಡಚೀಲ ಹಾಕಿಕೊಳ್ಳುತ್ತೇನೆ. ಅದರಲ್ಲಿ ಐವತ್ತು, ನೂರರ ನೋಟುಗಳಲ್ಲಿ ಸಾವಿರ ರೂಪಾಯಿ, ಏಕೆಂದರೆ ನೆಟ್‌ವರ್ಕ್ ಇಲ್ಲದ ಗೂಡಂಗಡಿಯಲ್ಲಿ ಕ್ಯೂಆರ್ ಕೋಡ್ ಗೋಡೆಗೆ ಅಂಟಿಸಿದ ಚಿತ್ರ ಅಷ್ಟೆ. ಕೈಬೆರಳುದ್ದದ ಟಾರ್ಚ್. ಒಂದು ಸೀಟಿ. ಜಿಪ್ ಕವರಿನಲ್ಲಿ ಒಂದು ಚೀಟಿ: ನಾಲ್ಕು ಫೋನ್ ನಂಬರು, ಎಲ್ಲರ ರಕ್ತದ ಗುಂಪು, ಅಪ್ಪನ ಮಾತ್ರೆಗಳ ಹೆಸರು. ಈಗಲೇ ಕಣ್ಣು ಮುಚ್ಚಿ ಹೆಂಡತಿಯ ಅಥವಾ ಗಂಡನ ನಂಬರ್ ಹೇಳಿ ನೋಡೋಣ. ನನಗೆ ಬರಲಿಲ್ಲ.

ಪವರ್ ಬ್ಯಾಂಕ್ ಕೂಡ ಇದೇ ಚೀಲದಲ್ಲಿ. ಮೇಲೆ 10,000 ಎಂಎಎಚ್ ಅಂತ ಬರೆದಿದ್ದರೂ ವೋಲ್ಟೇಜ್ ಬದಲಾಗುವಾಗ ನಷ್ಟವಾಗಿ ಫೋನಿಗೆ ದಕ್ಕುವುದು 6,000ದ ಆಸುಪಾಸು. ಒಂದು ಫೋನಿಗೆ ಸಾಕು, ನಾಲ್ಕಕ್ಕೆ ಸಾಲದು. ಅದನ್ನು ಕಾರಿನಲ್ಲೇ ಬಿಟ್ಟು ಬಿಸಿಲಲ್ಲಿ ನಿಲ್ಲಿಸಬೇಡಿ, ಲಿಥಿಯಂ ಬ್ಯಾಟರಿಗೆ ಆ ಕಾವು ಆಗಿಬರೋದಿಲ್ಲ. ಮಾತ್ರೆಗಳಿಗೂ ಅಷ್ಟೆ.

ಕೂತಲ್ಲಿಂದ ಕೈಗೆ ಸಿಗಬೇಕಾದ್ದು: ಮಾತ್ರೆ ಡಬ್ಬಿ, ಐದು ಲೀಟರ್ ನೀರು, ಓಆರ್‌ಎಸ್, ಗ್ಲೂಕೋಸ್, ಚಕ್ಕುಲಿ, ರೇನ್‌ಕೋಟ್. ಛತ್ರಿ ಹಿಡಿದವನಿಗೆ ಒಂದೇ ಕೈ ಉಳಿಯೋದು, ರೇನ್‌ಕೋಟ್ ಹಾಕಿದವನಿಗೆ ಎರಡು. ಎರಡು ಹಳೇ ಬೈರಾಸು ಇಟ್ಟುಕೊಳ್ಳಿ. ಗಾಜು ಒರೆಸಲು, ತಲೆ ಒರೆಸಲು, ಮಗುವಿಗೆ ಹೊದಿಸಲು ಆಗುತ್ತದೆ.

ಗಾಜು ಒಡೆಯುವ ಪುಟ್ಟ ಸುತ್ತಿಗೆಯನ್ನು ಬಹಳ ಜನ ಡಿಕ್ಕಿಯಲ್ಲಿಡುತ್ತಾರೆ. ನೀರಲ್ಲಿ ಸಿಕ್ಕಿಕೊಂಡ ಕಾರಿನ ಒಳಗಿಂದ ಡಿಕ್ಕಿಗೆ ಯಾರು ಹೋಗುತ್ತಾರೆ? ಸೀಟ್ ಬೆಲ್ಟ್ ಹಾಕಿಕೊಂಡೇ ಕೈ ಚಾಚಿದರೆ ಸಿಗಬೇಕು. ಮುಂದಿನ ದೊಡ್ಡ ಗಾಜಿಗೆ ಹೊಡೆಯಬೇಡಿ, ಅದು ಪದರದ ಗಾಜು, ಬಿರುಕು ಬಿಟ್ಟರೂ ಜಾಗ ಬಿಡೋದಿಲ್ಲ. ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು. ಇದು ಬೇಕಾಗುವ ಹಾಗೆ ಮಾಡಿಕೊಳ್ಳದಿರುವುದು ಇನ್ನೂ ಒಳ್ಳೆಯದು. ಒಂದಡಿ ಎತ್ತರಕ್ಕೆ ಹರಿಯುವ ನೀರು ಸಣ್ಣ ಕಾರನ್ನು ಎಳೆದುಕೊಂಡು ಹೋಗುತ್ತದೆ. ಮುಂದಿನ ಗಾಡಿ ದಾಟಿತು ಅಂತ ಸುಮ್ನೆ ನುಗ್ಗಬೇಡಿ.

ಡಿಕ್ಕಿಯಲ್ಲಿ ಈಗ ನಾನು ಕೊಂಡ ಅತ್ಯಂತ ಉಪಯೋಗದ ವಸ್ತು ಇದೆ: ಉದ್ದ ಎಳೆಯಬಹುದಾದ ಹಿಡಿಯ ವ್ಹೀಲ್ ಸ್ಪ್ಯಾನರ್. ಜೊತೆಗೆ ಒಂದಡಿ ಚೌಕದ ಹಲಗೆ, ಕೆಸರಿನಲ್ಲಿ ಜಾಕ್ ಹೂತುಹೋಗದ ಹಾಗೆ. ಸತ್ತ ಬ್ಯಾಟರಿಗೆ ಬೇರೆ ಕಾರಿಂದ ಕರೆಂಟ್ ಕೊಡುವ ಜಂಪರ್ ಕೇಬಲ್, ಗಾಳಿ ತುಂಬುವ ಪುಟ್ಟ ಪಂಪ್, ಎಳೆಯುವ ಹಗ್ಗ, ಹೊಳೆಯುವ ಜಾಕೆಟ್. ಎಲ್ಲವೂ ಒಂದೇ ಚೀಲದಲ್ಲಿ, ಸಾಮಾನೆಲ್ಲ ತುಂಬಿದ ಮೇಲೆ ಕೊನೆಗೆ ಒಳಗೆ ಹೋಗುವ ಚೀಲ ಅದು. ಜಂಪರ್ ಕೇಬಲಿನ ಕೊನೆಯ ಕಪ್ಪು ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕಬೇಡಿ. ಅದೇ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಾಕಿ, ಬ್ಯಾಟರಿ ಹತ್ತಿರ ಕಿಡಿ ಹಾರೋದು ತಪ್ಪುತ್ತದೆ.

ಆನ್‌ಲೈನ್‌ನಲ್ಲಿ "ಎಮರ್ಜೆನ್ಸಿ ಕಿಟ್" ಅಂತ ಒಂದನ್ನು ತರಿಸಿದ್ದೆ. ಒಳಗೆ ಮೀನು ಹಿಡಿಯುವ ಗಾಳ ಇತ್ತು. ಕೆಂಪುಹೊಳೆಯಲ್ಲಿ ನಾಲ್ಕು ಗಂಟೆ ಕೂತಿದ್ದಾಗ ಇದ್ದಿದ್ದರೆ ಟೈಮ್‌ಪಾಸ್ ಆದರೂ ಆಗುತ್ತಿತ್ತೇನೋ.

ಹೊರಡುವ ಹಿಂದಿನ ಭಾನುವಾರ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೇ ಒಂದು ಚಕ್ರ ಬಿಚ್ಚಿ ಮತ್ತೆ ಹಾಕಿ. ಕಾರನ್ನು ಎತ್ತುವ ಮೊದಲೇ ನಟ್ಟು ಸಡಿಲ ಮಾಡಿಕೊಳ್ಳಬೇಕು ಅನ್ನೋದು ಅಲ್ಲೇ ಕೈಗೆ ಅಭ್ಯಾಸವಾಗುತ್ತದೆ. ಸ್ಟೆಪ್ನಿಗೆ ಗಾಳಿ ಇದೆಯಾ ನೋಡಿ. ಟಾರ್ಚಿನ ಸೆಲ್ ಹೊರಗೆ ತೆಗೆದಿಡಿ.

ದಾರಿ ತೀರ್ಮಾನ ಹಾಸನದಲ್ಲೇ ಆಗಲಿ. ಶಿರಾಡಿಯಲ್ಲಿ ಗುಡ್ಡ ಜಾರಿದ ಸುದ್ದಿ ಇದ್ದರೆ ಅಲ್ಲಿಂದಲೇ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಹಿಡಿಯಬಹುದು. ಅದೂ ತೆರೆದಿದೆಯಾ ಅಂತ ವಿಚಾರಿಸಿಯೇ ಹೊರಡಿ, 2019ರ ಆಗಸ್ಟಿನಲ್ಲಿ ಅಲ್ಲೂ ಗುಡ್ಡ ಕುಸಿದಿತ್ತು. ಸಕಲೇಶಪುರದಲ್ಲಿ ಟ್ಯಾಂಕ್ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಹೆದ್ದಾರಿ ಸಹಾಯಕ್ಕೆ 1033, ಉಳಿದದ್ದಕ್ಕೆಲ್ಲ 112. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಹಿಡಿದು ಹೋಗುವ ಸಾಧ್ಯತೆ ಇದೆ. ಎಲ್ಲಿದ್ದೀರಿ ಅಂತ ಹೇಳಲು ದಾರಿಯಲ್ಲಿ ಕಿಲೋಮೀಟರ್ ಕಲ್ಲು ಓದುತ್ತಾ ಬನ್ನಿ. ನಮ್ಮ ಕಾರಿನಲ್ಲಿ ಅದು ಮಗನ ಕೆಲಸ.

ಗ್ರೈಂಡರ್ ಎರಡು ದಿನ ಒಲೆಯ ಪಕ್ಕ ಒಣಗಿ ಸರಿಯಾಗಿ ತಿರುಗಿತು. ಮುಂದಿನ ತಿಂಗಳು ಮತ್ತೆ ಹೋಗಬೇಕು. ಹಳೇ ಗ್ರೈಂಡರ್ ಸುಮ್ನೆ ಬಿದ್ದಿದೆ, ವಾಪಸ್ ಹೋಗುವಾಗ ನೀವೇ ತಗೊಂಡು ಹೋಗಿ ಅಂತ ಅತ್ತೆ ಫೋನ್ ಮಾಡಿದ್ದರು. ಬಸ್ಸಿಗೆ ಹಾಕಿ ಕಳಿಸ್ತೀರಾ ಅಂತ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.