ಗುಲ್ಬರ್ಗಾ ಟೀವಿ ಕೇಂದ್ರದ ಚರಿತ್ರೆ: ಕೆಲಸ ಎಲ್ಲಿಗೆ ಬಂತು

ಡಿಸೆಂಬರ್

ಕರ್ನಾಟಕದ ಮೊದಲ ಟೀವಿ ಕೇಂದ್ರ ಯಾವ ಊರಿನದು ಎಂದು ಕೇಳಿ ನೋಡಿ. ಬೆಂಗಳೂರು ಎನ್ನುವವರೇ ಹೆಚ್ಚು. ಕಲಬುರಗಿಯಲ್ಲೇ ಹುಟ್ಟಿ ಬೆಳೆದವರೂ ಹಾಗೆ ಹೇಳಿದ್ದನ್ನು ಕೇಳಿದ್ದೇನೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಗುಲ್ಬರ್ಗಾದ ಟ್ರಾನ್ಸ್‌ಮಿಟರ್ 1977ರಲ್ಲೇ ಚಾಲೂ ಆಗಿತ್ತು. ರಾಜಧಾನಿಗಿಂತ ನಾಲ್ಕು ವರ್ಷ ಮೊದಲು ನಮ್ಮ ಊರಿನಲ್ಲಿ ಟೀವಿ ಕೇಂದ್ರ ಇತ್ತು. ಅದಕ್ಕೂ ಎರಡು ವರ್ಷ ಮೊದಲು ನಮ್ಮ ಸುತ್ತಲ ಹಳ್ಳಿಗಳಲ್ಲಿ ಟೀವಿ ಇತ್ತು, ಅದೂ ನೇರವಾಗಿ ಉಪಗ್ರಹದಿಂದ.

ಈ ಚರಿತ್ರೆಯನ್ನು ಎರಡು ರೀತಿಯಲ್ಲಿ ಕಟ್ಟಿ ನಿಲ್ಲಿಸಬೇಕೆಂದು ಹೊರಟಿದ್ದೇನೆ. ಒಂದು, ಯಾವ ಯಾವ ಹಳ್ಳಿಗೆ ಆ ಟೀವಿ ಪೆಟ್ಟಿಗೆ ಬಂದಿತ್ತು ಎಂಬ ನಕ್ಷೆ. ಇನ್ನೊಂದು, ಉಪಗ್ರಹದ ಅಲೆ ಹಿಡಿಯಲು ಆ ಹಳ್ಳಿಗಳಲ್ಲಿ ನಿಲ್ಲಿಸಿದ್ದ ಕೋಳಿ ಜಾಲರಿಯ ಆಂಟೆನಾವನ್ನು ಅದೇ ಅಳತೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಮತ್ತೆ ಕಟ್ಟುವುದು. ಶಾಲೆ ಮಕ್ಕಳಿಗೆ ತೋರಿಸಲು ಚಿತ್ರ ಸಾಲದು. ಕೈಯಿಂದ ಮುಟ್ಟಿ ನೋಡುವಂಥದ್ದು ಬೇಕು.

ಹಿನ್ನೆಲೆ ಹೇಳಿಬಿಡುತ್ತೇನೆ. ಭಾರತದ ಅಣುಶಕ್ತಿ ಇಲಾಖೆ ಮತ್ತು ನಾಸಾ 1969ರ ಸೆಪ್ಟೆಂಬರಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಹಿಂದಿದ್ದವರು ವಿಕ್ರಮ್ ಸಾರಾಭಾಯಿ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಹಳ್ಳಿಗಳ ಕಡೆ ತಿರುಗಿಸುವುದು, ಕಾರ್ಯಕ್ರಮ ಮತ್ತು ನೆಲದ ಮೇಲಿನ ಯಂತ್ರಗಳೆಲ್ಲ ನಮ್ಮವು ಎಂಬುದು ಮಾತು. ಇದನ್ನೇ ಸೈಟ್ (SITE, ಅಂದರೆ ಉಪಗ್ರಹದ ಮೂಲಕ ಟೀವಿ ಶಿಕ್ಷಣದ ಪ್ರಯೋಗ) ಎಂದು ಕರೆದರು. ಸಾರಾಭಾಯಿ ಇದನ್ನು ನೋಡಲು ಉಳಿಯಲಿಲ್ಲ, 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಹಮದಾಬಾದಿನ ಬಾಹ್ಯಾಕಾಶ ಬಳಕೆ ಕೇಂದ್ರದಲ್ಲಿ ಯಶ್ ಪಾಲ್ ನೇತೃತ್ವದಲ್ಲಿ ಕೆಲಸ ಮುಂದುವರಿಯಿತು. ಪ್ರಸಾರ ನಡೆದದ್ದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ.

ಆರು ರಾಜ್ಯ, 20 ಜಿಲ್ಲೆ, 2400 ಹಳ್ಳಿ. ಕರ್ನಾಟಕದಿಂದ ಆರಿಸಿದ ಜಿಲ್ಲೆಗಳು ಮೂರು: ಗುಲ್ಬರ್ಗಾ, ರಾಯಚೂರು, ಬಿಜಾಪುರ. ಮಳೆ ಕಡಿಮೆ, ಶಾಲೆ ಕಡಿಮೆ, ರಸ್ತೆ ಕಡಿಮೆ ಇದ್ದ ಸೀಮೆ. ಹಿಂದುಳಿದಿದೆ ಎಂಬ ಕಾರಣಕ್ಕೇ ಈ ಸೀಮೆಗೆ ಎಲ್ಲರಿಗಿಂತ ಮೊದಲು ಏನಾದರೂ ಬಂದದ್ದು ಬಹಳ ಅಪರೂಪ. ಅದಕ್ಕೇ ಇದು ಮರೆತುಹೋಗಬಾರದು ಎಂಬ ಹಟ ನನಗೆ.

ಜನವರಿ

ಜಾಲರಿ ತಂದೆ. ಸೂಪರ್ ಮಾರ್ಕೆಟ್ಟಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಕಣ್ಣಿನ ಕೋಳಿ ಜಾಲರಿ ಸುರುಳಿ ಸುರುಳಿಯಾಗಿ ಸಿಗುತ್ತದೆ. ಇಷ್ಟು ತೂತಿರುವ ಜಾಲರಿಯಲ್ಲಿ ಅಲೆ ಸೋರಿ ಹೋಗುವುದಿಲ್ಲವೇ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಉಪಗ್ರಹ ಕಳಿಸುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಕಣ್ಣು ಅದರ ಹತ್ತನೇ ಒಂದು ಭಾಗಕ್ಕಿಂತ, ಅಂದರೆ ಮೂರೂವರೆ ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಅಲೆಯ ಪಾಲಿಗೆ ಅದು ತಗಡಿದ್ದ ಹಾಗೆಯೇ. ನಮ್ಮದು ಎರಡು ಸೆಂಟಿಮೀಟರಿಗೂ ಕಡಿಮೆ. ತಗಡಿನದಾದರೆ ಭಾರ, ಖರ್ಚು, ಮೇಲಾಗಿ ಗಾಳಿಗೆ ನಿಲ್ಲುವುದಿಲ್ಲ. ಜಾಲರಿಯಾದರೆ ಗಾಳಿ ತೂರಿ ಹೋಗುತ್ತದೆ, ಕಿತ್ತರೆ ಊರಿನವನೇ ತಂತಿ ಬಿಗಿಯಬಹುದು. ಹಳ್ಳಿಯಲ್ಲಿ ಬಾಳಬೇಕಾದ ಯಂತ್ರವನ್ನು ಹಳ್ಳಿ ನೋಡಿಯೇ ಮಾಡಿದ್ದರು ಎಂದು ಇದನ್ನು ಕಟ್ಟುವಾಗ ಪ್ರತಿ ಹೆಜ್ಜೆಯಲ್ಲೂ ಅನ್ನಿಸುತ್ತಿದೆ.

ಅಡ್ಡಳತೆ ಮೂರು ಮೀಟರ್, ಮೂಲದಂತೆಯೇ. ಆಳ ಮಾತ್ರ ನನ್ನ ಲೆಕ್ಕ: ನಾಭಿ, ಅಂದರೆ ಜಾಲರಿಗೆ ಬಡಿದ ಅಲೆಗಳೆಲ್ಲ ಬಂದು ಸೇರುವ ಬಿಂದು, 1.2 ಮೀಟರಿನಲ್ಲಿ ಬರುವಂತೆ ಮಧ್ಯದ ಗುಂಡಿ 47 ಸೆಂಟಿಮೀಟರ್. ಹನ್ನೆರಡು ಪಕ್ಕೆಲುಬು ಅಲ್ಯೂಮಿನಿಯಂ ಪಟ್ಟಿಯವು, ಬುಡದ ಚೌಕಟ್ಟು ಕಬ್ಬಿಣದ ಆ್ಯಂಗಲ್. ವೆಲ್ಡಿಂಗ್ ಅಂಗಡಿಯವರು ಒಳ್ಳೆಯ ಕೈಕೆಲಸದವರು. ಬಾಗು ಸರಿಯಿದೆಯೇ ಎಂದು ಪ್ಲೈವುಡ್ಡಿನ ಅಚ್ಚು ಇಟ್ಟು ನೋಡಿ ನೋಡಿ ಬಗ್ಗಿಸಿದರು. ಎಲ್ಲಿಯೂ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿಲ್ಲ. ಈ ಅಲೆಯುದ್ದಕ್ಕೆ ಅಷ್ಟು ಸಾಕು.

ಇದನ್ನು ಎತ್ತ ತಿರುಗಿಸಬೇಕು? ಸೈಟ್ ವರ್ಷದಲ್ಲಿ ಉಪಗ್ರಹ ಇದ್ದದ್ದು 35 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ. ಕಲಬುರಗಿಯಿಂದ ಲೆಕ್ಕ ಹಾಕಿದರೆ ನೇರ ಪಶ್ಚಿಮಕ್ಕಿಂತ 18 ಡಿಗ್ರಿ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 38 ಡಿಗ್ರಿ ಮೇಲೆ. ಈಗ ಅಲ್ಲಿ ಆ ಉಪಗ್ರಹ ಇಲ್ಲ. ಆದರೂ ನನ್ನ ಆಂಟೆನಾ ಅದೇ ಕಡೆ ಮುಖ ಮಾಡಿ ನಿಲ್ಲುತ್ತದೆ. ಐವತ್ತು ವರ್ಷದ ಹಿಂದೆ ಈ ಮೂರು ಜಿಲ್ಲೆಗಳ ಶಾಲೆ, ಪಂಚಾಯಿತಿ ಕಟ್ಟೆಗಳ ಮೇಲಿನ ಜಾಲರಿಗಳೆಲ್ಲ ಹೆಚ್ಚು ಕಡಿಮೆ ಇದೇ ದಿಕ್ಕಿಗೆ ನೋಡುತ್ತಿದ್ದವು.

ಫೆಬ್ರುವರಿ

ನಕ್ಷೆಯ ಕೆಲಸ ನಿಧಾನ. ತೊಡಕಿನ ಮೊದಲ ಕಾರಣ ಜಿಲ್ಲೆಗಳ ಗಡಿ. 1975ರ ಬಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಆಯಿತು, ರಾಯಚೂರಿನಿಂದ ಕೊಪ್ಪಳ ಹೊರಬಂತು, ಗುಲ್ಬರ್ಗಾದಿಂದ ಯಾದಗಿರಿ. ಹಾಗಾಗಿ ಅಂದಿನ ಮೂರು ಜಿಲ್ಲೆ ಹುಡುಕಲು ಇಂದಿನ ಆರು ಜಿಲ್ಲೆ ತಿರುಗಬೇಕು. ಊರಿನ ಹೆಸರುಗಳದ್ದು ಇನ್ನೊಂದು ಕಥೆ. ಒಂದೇ ಹೆಸರಿನ ಹಳ್ಳಿ ಎರಡು ತಾಲ್ಲೂಕಿನಲ್ಲಿ, ಬಿ ಮತ್ತು ಕೆ ಸೇರಿಸಿ ಬರೆಯುವ ಜೋಡಿ ಊರುಗಳು, ಕೃಷ್ಣೆಯ ಹಿನ್ನೀರಿಗೆ ಸಿಕ್ಕಿ ಜಾಗ ಬದಲಿಸಿದ ಊರುಗಳು. ಪ್ರತಿ ಊರಿಗೂ ತಾಲ್ಲೂಕು, ಹೋಬಳಿ, ಪೆಟ್ಟಿಗೆ ಇಟ್ಟಿದ್ದ ಕಟ್ಟಡ, ಹೇಳಿದವರು ಯಾರು ಎಂದು ಕಾಲಂ ಮಾಡಿದ್ದೇನೆ. ಇಬ್ಬರು ಬೇರೆ ಬೇರೆಯಾಗಿ ಹೇಳದ ಹೊರತು ಊರನ್ನು ನಕ್ಷೆಗೆ ಹಾಕುವುದಿಲ್ಲ.

ಹಳಬರ ಮಾತು ಕೇಳಿಸಿಕೊಳ್ಳುವುದು ಈ ಕೆಲಸದಲ್ಲಿ ನನಗೆ ಅತಿ ಪ್ರೀತಿಯ ಭಾಗ. ಶಹಾಪುರ ಕಡೆಯ ನಿವೃತ್ತ ಮಾಸ್ತರರೊಬ್ಬರು ಅಂದಿನ ತಮ್ಮ ಶಾಲೆಯ ಪೆಟ್ಟಿಗೆಯ ಉಸ್ತುವಾರಿ ನೋಡಿಕೊಂಡವರು. “ಬೀಗದ ಕೈ ನನ್ ಹತ್ರನೇ ಇರ್ತಿತ್ರಿ. ಮುಂಜಾನಿ ಹುಡುಗುರು, ಸಂಜಿಕಿ ಇಡೀ ಊರು. ಹೆಣ್ಮಕ್ಕಳು ಒಂದ್ ಕಡಿ, ಗಂಡಸ್ರು ಒಂದ್ ಕಡಿ ಕೂಡೋರು” ಎಂದರು. ಆ ಪೆಟ್ಟಿಗೆ ಯಾರು ಮಾಡಿದ್ದು ಸರ ಎಂದು ಕೇಳಿದೆ. “ಹೈದರಾಬಾದಿಂದ ಬಂದಿತ್ತಪ್ಪ” ಎಂದರು. ಅದು ಸರಿ. ಸೈಟ್ ಪೆಟ್ಟಿಗೆಗಳನ್ನು ತಯಾರಿಸಿದ್ದು ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್.

ಅವರು ಹೇಳಿದ ಮುಂಜಾನೆ-ಸಂಜೆ ಲೆಕ್ಕ ದಾಖಲೆಗಳಿಗೆ ಚೆನ್ನಾಗಿ ಹೊಂದುತ್ತದೆ. ದಿನಕ್ಕೆ ಒಟ್ಟು ನಾಲ್ಕು ತಾಸಿನ ಪ್ರಸಾರ. ಬೆಳಿಗ್ಗೆ ಒಂದೂವರೆ ತಾಸು ಮಕ್ಕಳಿಗೆ. ಅದನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಎಂದು ನಾಲ್ಕು ಪಾಲು ಮಾಡಿದರೆ ಕನ್ನಡಕ್ಕೆ ಬರುತ್ತಿದ್ದದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆ ಎರಡೂವರೆ ತಾಸು ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜನಪದ ಕಲೆ, ಸುದ್ದಿ. ರಜೆಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ವಿಜ್ಞಾನ ಪಾಠ ಹೇಳುವ ತರಬೇತಿಯೂ ಇದೇ ಪೆಟ್ಟಿಗೆಯಲ್ಲಿ ನಡೆಯಿತು. ಪ್ರಸಾರ ಶುರುವಾದಾಗ ತುರ್ತು ಪರಿಸ್ಥಿತಿ ಹೇರಿ ಒಂದು ತಿಂಗಳು ಮುಗಿದಿತ್ತಷ್ಟೆ. ಆ ಕಾಲದ ಸರ್ಕಾರಿ ದನಿ ಸಂಜೆಯ ಕಾರ್ಯಕ್ರಮಗಳಲ್ಲಿ ಇದ್ದೇ ಇತ್ತು, ಅದನ್ನು ಈ ಚರಿತ್ರೆಯಲ್ಲಿ ಬಿಡದೆ ಬರೆಯುತ್ತಿದ್ದೇನೆ.

ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದೂ ಹೈದರಾಬಾದಿನಲ್ಲೇ. ಆಂಧ್ರ ಮತ್ತು ಕರ್ನಾಟಕದ ಹಳ್ಳಿಗಳಿಗೆ ಸಂಜೆ ಚಿತ್ರ ಒಂದೇ, ದನಿ ಎರಡು. ಒಂದು ಚಿತ್ರದ ಜತೆ ಎರಡು ಧ್ವನಿವಾಹಕ ಕಳಿಸುವ ಏರ್ಪಾಡು ಉಪಗ್ರಹದಲ್ಲಿತ್ತು. ಮೆಹಬೂಬನಗರದವರು ತೆಲುಗಿನಲ್ಲಿ ಕೇಳಿದ್ದನ್ನು ಅದೇ ಕ್ಷಣ ರಾಯಚೂರಿನವರು ಕನ್ನಡದಲ್ಲಿ ಕೇಳುತ್ತಿದ್ದರು. ಅಚ್ಚುಕಟ್ಟಾದ ಉಪಾಯ. ಆದರೆ ಎರಡೂ ಕಡೆಗೆ ಹೊಂದುವ ಚಿತ್ರವನ್ನೇ ತೆಗೆಯಬೇಕು ಎಂದಾಗ ಜೋಳದ ಹೊಲದವನಿಗೆ ಬೇಕಾದದ್ದು ಎಷ್ಟು ಬಂತು, ಭತ್ತದ ಗದ್ದೆಯವನಿಗೆ ಬೇಕಾದದ್ದು ಎಷ್ಟು ಬಂತು ಎಂದು ಕೇಳಲೇಬೇಕಾಗುತ್ತದೆ. ಮಾಸ್ತರರಿಗೂ ಇದನ್ನೇ ಕೇಳಿದೆ. “ಭತ್ತದ್ದೇ ಜಾಸ್ತಿ ತೋರಿಸ್ತಿದ್ರು, ನಮ್ಮ ಕಡಿ ಮಂದಿ ಸುಮ್ಮ ನೋಡೋರು” ಎಂದು ಅವರ ನೆನಪು. ಒಬ್ಬರ ಮಾತು, ಇನ್ನೂ ಹಲವರನ್ನು ಕೇಳಬೇಕು.

ಮಾರ್ಚ್

ಈ ತಿಂಗಳು ಪೂರ್ತಿ 1976-77ಕ್ಕೆ ಮೀಸಲು. ಒಪ್ಪಂದದ ಪ್ರಕಾರ ಒಂದು ವರ್ಷ ಮುಗಿಯಿತು, ಉಪಗ್ರಹವನ್ನು ಅಮೆರಿಕ ವಾಪಸು ಸರಿಸಿಕೊಂಡಿತು. ಹಳ್ಳಿಗಳ ಪರದೆ ಖಾಲಿ. ಹಾಗೇ ಬಿಡುವಂತಿರಲಿಲ್ಲ. ಅದಕ್ಕೆ ಸೈಟ್ ಸೀಮೆಗಳಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಿದರು: ಜೈಪುರ, ರಾಯಪುರ, ಮುಜಫ್ಫರಪುರ, ಸಂಬಲಪುರ, ಹೈದರಾಬಾದ್, ಗುಲ್ಬರ್ಗಾ. ನಮ್ಮ ಕೇಂದ್ರ ಹುಟ್ಟಿದ್ದು ಹೀಗೆ. ದೂರದರ್ಶನ ಆಕಾಶವಾಣಿಯಿಂದ ಬೇರೆಯಾಗಿ ಸ್ವಂತ ಸಂಸ್ಥೆಯಾದದ್ದು 1976ರ ಏಪ್ರಿಲ್ 1ರಂದು. ಹೊಸ ಜಾಲ ಸೇರಿದ ಮೊದಮೊದಲ ಕೇಂದ್ರಗಳಲ್ಲಿ ನಮ್ಮದೊಂದು.

ಉಪಗ್ರಹಕ್ಕೆ ಬದಲು ಕಂಬ ಬಂದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಟೀವಿಯ ಅಲೆ ಹೆಚ್ಚು ಕಡಿಮೆ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಹೋಗುತ್ತದೆ. ನೂರು ಮೀಟರಿನ ಕಂಬ, ಹಳ್ಳಿಯಲ್ಲಿ ಹತ್ತು ಮೀಟರಿನ ಕೋಲು ಎಂದಿಟ್ಟುಕೊಂಡರೆ ಸುಮಾರು 54 ಕಿಲೋಮೀಟರ್. ಎರಡು ನೂರು ಮೀಟರಿನ ಕಂಬ ನಿಲ್ಲಿಸಿದರೂ 70 ಕಿಲೋಮೀಟರ್ ದಾಟುವುದು ಕಷ್ಟ. ಈಗ ನಕ್ಷೆ ನೋಡಿ. ಕಲಬುರಗಿಯಿಂದ ಗೆರೆ ಎಳೆದರೆ ವಿಜಯಪುರ ಸುಮಾರು 130 ಕಿಲೋಮೀಟರ್, ರಾಯಚೂರು 135. ಅಂದರೆ ಮೂರು ಜಿಲ್ಲೆಗಾಗಿ ಬಂದ ಟೀವಿ, ಕೇಂದ್ರ ಬಂದಾಗ ಒಂದು ಜಿಲ್ಲೆಯ ಒಂದು ಭಾಗಕ್ಕೆ ಇಳಿಯಿತು. ನಕ್ಷೆಯ ಮೇಲೆ ಕಲಬುರಗಿಯನ್ನು ನಡುವೆ ಇಟ್ಟು 54 ಮತ್ತು 70ರ ಎರಡು ಸುತ್ತು ಹಾಕಿದೆ. ಇಲ್ಲಿಯವರೆಗೆ ಖಚಿತವಾದ ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುತ್ತಿನ ಹೊರಗೆ ಬಿದ್ದಿವೆ.

ಇದನ್ನು ನೋಡಿದ ಮೇಲೆ ಕೇಂದ್ರದ ಚರಿತ್ರೆಯನ್ನು 1977ರಿಂದ ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಉದ್ಘಾಟನೆಯ ದಿನದಿಂದ ಶುರು ಮಾಡಿದರೆ ಅದು ಏನೂ ಇಲ್ಲದ ಕಡೆ ಟೀವಿ ತಂದ ಕೇಂದ್ರವಾಗಿ ಕಾಣುತ್ತದೆ. 1975ರಿಂದ ಶುರು ಮಾಡಿದರೆ, ದೊಡ್ಡದೊಂದು ಹೋದ ಮೇಲೆ ಕೈಲಾದಷ್ಟನ್ನು ಉಳಿಸಿಕೊಂಡ ಕೇಂದ್ರವಾಗಿ ಕಾಣುತ್ತದೆ. ಸಿಂಧನೂರು, ಕುಷ್ಟಗಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳಿಗೂ ಈ ಚರಿತ್ರೆಯಲ್ಲಿ ಜಾಗ ಸಿಗುವುದು ಎರಡನೆಯ ರೀತಿಯಲ್ಲಿ ಮಾತ್ರ.

ನಂತರದ್ದು ಬೇಗ ಹೇಳಬಹುದು. 1982ರಲ್ಲಿ ಬಣ್ಣ ಮತ್ತು ದಿಲ್ಲಿಯ ರಾಷ್ಟ್ರೀಯ ಪ್ರಸಾರ, 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ, ಅದರ ಬೆನ್ನಿಗೇ ದೇಶದ ತುಂಬ ಸಣ್ಣ ಮರುಪ್ರಸಾರ ಕೇಂದ್ರಗಳು. ತೊಂಬತ್ತರ ದಶಕದಲ್ಲಿ ಚಂದನ, ಖಾಸಗಿ ವಾಹಿನಿಗಳು, ಕೇಬಲ್. 1997ರಲ್ಲಿ ಪ್ರಸಾರ ಭಾರತಿ. 2021ರ ಅಕ್ಟೋಬರಿನಲ್ಲಿ ಪ್ರಸಾರ ಭಾರತಿ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ ಒಳಗೆ, ಗಡಿಯಂಥ ಕೆಲವು ಜಾಗಗಳನ್ನು ಬಿಟ್ಟು, ಮುಚ್ಚುವುದಾಗಿ ಹೇಳಿತು. ಆ ಸುತ್ತಿನಲ್ಲೇ ನಮ್ಮ ಊರಿನ ಕಂಬದ ಪ್ರಸಾರವೂ ನಿಂತಿತು.

ಏಪ್ರಿಲ್

ಬಿಸಿಲು 42 ಡಿಗ್ರಿ. ಮಾಳಿಗೆಯ ಮೇಲೆ ಕೆಲಸ ಏನಿದ್ದರೂ ಬೆಳಗಿನ ಎಂಟರ ಒಳಗೆ.

ನಾಭಿಯಲ್ಲಿ ಕೂರಿಸುವ ಫೀಡ್‌ಗೆ, ಅಂದರೆ ಅಲ್ಲಿ ಸೇರಿದ ಅಲೆಯನ್ನು ಹಿಡಿದು ಕೇಬಲ್ಲಿಗೆ ಕೊಡುವ ಭಾಗಕ್ಕೆ, 15 ಕಿಲೋ ಕುಸುಬಿ ಎಣ್ಣೆಯ ಖಾಲಿ ಡಬ್ಬಿ ಬಳಸಿದೆ. ಅದರ ಚೌಕದ ಬದಿ ಇಪ್ಪತ್ತಮೂರೂವರೆ ಸೆಂಟಿಮೀಟರ್. ಆ ಅಗಲದ ಕೊಳವೆಯಲ್ಲಿ 640 ಮೆಗಾಹರ್ಟ್ಸ್‌ಗಿಂತ ಮೇಲಿನ ಅಲೆ ಸರಾಗವಾಗಿ ಹರಿಯುತ್ತದೆ, ನಮಗೆ ಬೇಕಾದದ್ದು ಅದರೊಳಗೇ ಬಂತು. ಬುಡದಿಂದ 13 ಸೆಂಟಿಮೀಟರ್ ಬಿಟ್ಟು ತೂತು ಕೊರೆದು, ಎಂಟೂವರೆ ಸೆಂಟಿಮೀಟರಿನ ತಾಮ್ರದ ಕಡ್ಡಿ ಒಳಗೆ ನಿಲ್ಲಿಸಿ ಕೇಬಲ್ ಬೆಸೆದೆ. ಸೈಟ್ ಕಾಲದ ಫೀಡ್ ಇದಲ್ಲ. ಸುಲಭವಾಗಿ ಸಿಗುವ ಸಾಮಾನಿನಿಂದ ಆ ಜಾಲರಿಯ ಶಕ್ತಿ ತೋರಿಸಲು ಇದು ಸಾಕು.

ಪರೀಕ್ಷೆಗೆ ಉಪಗ್ರಹ ಇಲ್ಲ, ಆದರೆ ಅದೃಷ್ಟಕ್ಕೆ ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಪಟ್ಟಿ. 860ಕ್ಕೆ ಅಂಟಿಕೊಂಡೇ ಇದೆ. ಈ ಪಟ್ಟಿಯಲ್ಲಿ ರೇಡಿಯೋ ಸಿಗ್ನಲ್ ಕಳಿಸುವ ಒಂದು ಪುಟ್ಟ ಲೋರಾ ಮಾಡ್ಯೂಲನ್ನು ಓಣಿಯ ಕೊನೆಯ ಗೆಳೆಯನ ಮಾಳಿಗೆಯ ಮೇಲೆ ಇಟ್ಟೆವು. ಇಷ್ಟು ದೊಡ್ಡ ಆಂಟೆನಾ ಅಳೆಯಲು ಕಳಿಸುವ ಯಂತ್ರ 52 ಮೀಟರಿಗಿಂತ ದೂರ ಇರಬೇಕು, ಓಣಿ ಅದಕ್ಕಿಂತ ಚೆನ್ನಾಗಿಯೇ ಉದ್ದ ಇದೆ. ನಮ್ಮ ಕಡೆ ಯುಎಸ್‌ಬಿ ರೇಡಿಯೋ ಡಾಂಗಲ್ ಮತ್ತು ಲ್ಯಾಪ್‌ಟಾಪ್.

ಫಲಿತಾಂಶ ನೋಡಿ ಕುಣಿಯುವಂತಾಯಿತು. ಬರಿಯ ಕಡ್ಡಿ ಆಂಟೆನಾಕ್ಕಿಂತ ಜಾಲರಿ 21 ಡೆಸಿಬೆಲ್ ಹೆಚ್ಚು ಕೊಟ್ಟಿತು, ಅಂದರೆ ನೂರಿಪ್ಪತ್ತು ಪಟ್ಟಿಗೂ ಹೆಚ್ಚು. ಲೆಕ್ಕದ ಪ್ರಕಾರ ಇನ್ನೂ ಎರಡು ಮೂರು ಡೆಸಿಬೆಲ್ ಬರಬೇಕು. ಡಬ್ಬಿಯನ್ನು ಹಿಂದೆ ಮುಂದೆ ಸರಿಸಿ ಅದನ್ನೂ ಹಿಡಿಯುತ್ತೇನೆ. ಮುಖ ತಿರುಗಿಸುತ್ತ ಹೋದಾಗ ಸಿಗ್ನಲ್ ಅರ್ಧಕ್ಕಿಳಿದದ್ದು ಅತ್ತ ಇತ್ತ ಸೇರಿ 9 ಡಿಗ್ರಿಯಲ್ಲಿ. ಇಷ್ಟು ಅಗಲ ಇದ್ದುದರಿಂದಲೇ ಹಳ್ಳಿಯಲ್ಲಿ ಒಮ್ಮೆ ಬಿಗಿದು ಹೋದರೆ, ಗಾಳಿಗೆ ಒಂದೆರಡು ಡಿಗ್ರಿ ವಾಲಿದರೂ ಚಿತ್ರ ನಿಲ್ಲುತ್ತಿರಲಿಲ್ಲ.

ಮುಂದಿನ ಕೆಲಸ ಪೆಟ್ಟಿಗೆಯೊಳಗಿನ ಭಾಗ. ಉಪಗ್ರಹದ ಚಿತ್ರ ಬರುತ್ತಿದ್ದದ್ದು ಎಫ್‌ಎಂ ರೂಪದಲ್ಲಿ, ಸಾಧಾರಣ ಟೀವಿ ಸೆಟ್ಟಿಗೆ ಅದು ಅರ್ಥವಾಗದು. ನಡುವೆ ಅದನ್ನು ಬದಲಿಸುವ ಒಂದು ಘಟಕ ಇತ್ತು. ಅದನ್ನು ಡಾಂಗಲ್ ಮತ್ತು ಸಾಫ್ಟ್‌ವೇರಿನಲ್ಲಿ ಮಾಡಿ, ಓಣಿಯ ಆ ತುದಿಯಿಂದ ಈ ತುದಿಗೆ ಲೈಸೆನ್ಸ್ ಬೇಡದ ಪಟ್ಟಿಯಲ್ಲಿ ಹಿಡಿಸುವಷ್ಟು ಕಡಿಮೆ ಗೆರೆಗಳ ಒಂದು ಸ್ಥಿರ ಚಿತ್ರವನ್ನಾದರೂ ತರಬೇಕು. ಮಳೆಗಾಲಕ್ಕೆ ಮುಂಚೆ ಜಾಲರಿಗೆ ಸತುವಿನ ಬಣ್ಣವೂ ಆಗಬೇಕು.

ನಕ್ಷೆಗೆ ಸದ್ಯ ಹೆಚ್ಚು ಖಾಲಿ ಇರುವುದು ಲಿಂಗಸುಗೂರು, ಮಾನ್ವಿ, ಇಂಡಿ, ಸಿಂದಗಿ ತಾಲ್ಲೂಕುಗಳು. ನಿಮ್ಮ ಊರಿನಲ್ಲಿ 1975-76ರಲ್ಲಿ ಜಾಲರಿಯ ಆಂಟೆನಾ ನೋಡಿದವರಿದ್ದರೆ ಊರು, ತಾಲ್ಲೂಕು, ಪೆಟ್ಟಿಗೆ ಯಾವ ಕಟ್ಟಡದಲ್ಲಿತ್ತು ಎಂಬಷ್ಟನ್ನು ತಿಳಿಸಿ. ಫೋಟೋ ಇದ್ದರೆ ಮೂಲ ನಿಮ್ಮಲ್ಲೇ ಇರಲಿ, ಮೊಬೈಲಿನಲ್ಲಿ ತೆಗೆದ ಪ್ರತಿ ಸಾಕು.