ಮಾರ್ಕ್ಸ್ ಬಿಡಿ, ಬಜೆಟ್ ಹೇಳಿ

720ಕ್ಕೆ 329. 2025ರ ನೀಟ್‌ನಲ್ಲಿ ನನಗೆ ಬಂದದ್ದು ಇಷ್ಟು. ಬಯಾಲಜಿ 232, ಕೆಮಿಸ್ಟ್ರಿ 75, ಫಿಸಿಕ್ಸ್ 22. ಆ 22 ಎಲ್ಲಿಂದ ಬಂತು ಅಂತ ಉತ್ತರಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದ್ದೆ. ಸರಿ 12, ತಪ್ಪು 26. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಳೆಯುತ್ತಾರೆ. ಗೊತ್ತಿಲ್ಲದ 26 ಪ್ರಶ್ನೆಗಳನ್ನು ಮುಟ್ಟದೆ ಸುಮ್ನೆ ಕೂತಿದ್ದರೂ 48 ಆಗುತ್ತಿತ್ತು. ಮುಟ್ಟಿದೆ.

ಆ ವರ್ಷ ಫಿಸಿಕ್ಸ್ ಕಷ್ಟ ಇದ್ದದ್ದು ನಿಜ. 2024ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 67 ಜನರಿಗೆ 720ಕ್ಕೆ 720 ಸಿಕ್ಕಿ ದೊಡ್ಡ ಗಲಾಟೆಯೇ ಆಗಿತ್ತು. 2025ರಲ್ಲಿ ದೇಶಕ್ಕೇ ಮೊದಲು ಬಂದವರದ್ದು 686. 'ಈ ಸಲ ಕಟ್‌ಆಫ್ ಇಳಿಯುತ್ತೆ' ಅಂತ ನಾನು ಮನೆ ತುಂಬ ಹೇಳಿಕೊಂಡು ಓಡಾಡಿದೆ. ಇಳಿಯಿತು. ನನ್ನ ತನಕ ಇಳಿಯಲಿಲ್ಲ.

ನಾವು ಕುಂದಾಪುರ ಕಡೆಯವರು, ಇರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅಪ್ಪಯ್ಯ ಠಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ನಾವು ಬಂಟರು. ಊರಲ್ಲಿ 3ಬಿ ಮೀಸಲಾತಿ, ಇಲ್ಲಿ ಓಪನ್. ಅಮ್ಮನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. "ಊರಂಗೆ ಅಷ್ಟ್ ಕಾಲೇಜಿತ್, ಒಂದ್ ಸೀಟ್ ಸಿಕ್ಕುದಿಲ್ಯಾ?" ಅಂತ ದಿನಕ್ಕೊಮ್ಮೆ ಕೇಳುತ್ತಿದ್ದಳು. ಕರ್ನಾಟಕದ ಸರಕಾರಿ ಕೋಟಾಕ್ಕೆ ಸಾಮಾನ್ಯವಾಗಿ ಏಳು ವರ್ಷವಾದರೂ ಅಲ್ಲೇ ಓದಿರಬೇಕು. ನಾನು ಒಂದನೇ ಕ್ಲಾಸಿನಿಂದ ಹನ್ನೆರಡರವರೆಗೆ ಓದಿದ್ದು ಇಲ್ಲೇ. ಹೊರನಾಡು ಕನ್ನಡಿಗರಿಗೆ ಬೇರೆ ದಾರಿ ಒಂದಿದೆ, ಅದಕ್ಕೆ ಕನ್ನಡದ ಪರೀಕ್ಷೆಯನ್ನೂ ಬರೆಯಬೇಕು. ಆದರೆ ಆ ಅರ್ಜಿಯ ದಿನ ಯಾವಾಗಲೋ ಮುಗಿದಿತ್ತು. ಅರ್ಜಿ ಹಾಕುವ ಕಾಲಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಅದರ ಯೋಚನೆಯೇ ಇರಲಿಲ್ಲ. ಆಗ ನನಗೆ 510 ಬರುವುದಿತ್ತು.

ಈ 510ರ ಕಥೆಗೆ ಆಮೇಲೆ ಬರುತ್ತೇನೆ.

ಜುಲೈ ಕೊನೆಯ ಒಂದು ಶನಿವಾರ ಅಪ್ಪಯ್ಯ ರಜೆ ಹಾಕಿದರು. ಶನಿವಾರ ಹೋಟೆಲಿಗೆ ರಜೆ ಹಾಕುವುದು ಅಂದರೆ ಸಣ್ಣ ಮಾತಲ್ಲ. ಅವರ ಪರಿಚಯದ ಗಿರಾಕಿಯೊಬ್ಬರು ದಾದರಿನ ಒಂದು ಕನ್ಸಲ್ಟೆನ್ಸಿಯ ಹೆಸರು ಹೇಳಿದ್ದರು. 'ಕಡಿಮೆ ಮಾರ್ಕಿಗೂ ಸೀಟು ಮಾಡಿಸಿಕೊಡ್ತಾರಂತೆ.' ಹಾಗೆ ಹೊರಟೆವು. ಮಳೆ. ಲೋಕಲ್ ಕಲ್ಯಾಣದಿಂದಲೇ ತುಂಬಿ ಬಂದಿತ್ತು. ಅಪ್ಪಯ್ಯ ನನ್ನ ಸರ್ಟಿಫಿಕೇಟುಗಳ ಫೈಲನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದರು. ಡೊಮಿಸೈಲ್, ಹತ್ತನೆಯದ್ದು, ಹನ್ನೆರಡನೆಯದ್ದು, ಲೀವಿಂಗ್ ಸರ್ಟಿಫಿಕೇಟ್, ಎಲ್ಲ ಅದರೊಳಗೆ. ಅವರು ನೆನೆದರು, ಫೈಲ್ ನೆನೆಯಲಿಲ್ಲ.

ಸೀರೆ ಅಂಗಡಿಯ ಪಕ್ಕದ ಕತ್ತಲೆ ಮೆಟ್ಟಿಲು ಹತ್ತಿದರೆ ಮೇಲೆ ಎಸಿ ಕೋಣೆ. ಗೋಡೆಗೆ ದೊಡ್ಡ ಭೂಪಟ, ಅದರಲ್ಲಿ ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ್, ಉಜ್ಬೆಕಿಸ್ತಾನ್ ಮೇಲೆಲ್ಲ ಕೆಂಪು ಪಿನ್ನು. ಮೇಜಿನ ಆಚೆ ಇದ್ದವನು ನನಗಿಂತ ಐದಾರು ವರ್ಷ ದೊಡ್ಡವನಿರಬೇಕು, ಅಷ್ಟೇ. ಟೈ ಕಟ್ಟಿದ್ದ. ನಾನು ಸ್ಕೋರ್‌ಕಾರ್ಡ್ ಮುಂದಿಟ್ಟೆ. ಅವನು ಅದನ್ನು ನೋಡಲೂ ಇಲ್ಲ.

"ಮಾರ್ಕ್ಸ್ ಬಿಡಿ ಅಂಕಲ್, ಬಜೆಟ್ ಹೇಳಿ," ಅಂದ. ಮರಾಠಿಯಲ್ಲಿ.

ಆಮೇಲೆ ಅವನೇ ಮಾತಾಡಿದ. ಖಾಸಗಿ ಕಾಲೇಜುಗಳಲ್ಲಿ 15 ಪರ್ಸೆಂಟ್ ಇನ್‌ಸ್ಟಿಟ್ಯೂಷನಲ್ ಕೋಟಾ ಇದೆ, ಫೀಸು ಮಾತ್ರ ಮಾಮೂಲಿನ ಮೂರು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ. ಡೀಮ್ಡ್ ಯೂನಿವರ್ಸಿಟಿ ಆದರೂ ಲೆಕ್ಕ ಅಲ್ಲಿಗೇ ಬರುತ್ತೆ. ಬೇಡವಾ, ಹೊರದೇಶ. ಈ ವರ್ಷ ಓಪನ್‌ನವರಿಗೆ 144 ಬಂದರೆ ನೀಟ್ ಪಾಸು, ಹೊರದೇಶಕ್ಕೆ ಅಷ್ಟಿದ್ದರೆ ಸಾಕು. "ನಿಮ್ಮ ಹುಡುಗಿಗೆ 329! ಅಲ್ಲಿ ಟಾಪರ್ ಅವಳು," ಅಂತ ನಕ್ಕ. ಸತ್ಯ ಹೇಳಬೇಕೆಂದರೆ, ಒಂದೂವರೆ ತಿಂಗಳಲ್ಲಿ ನನ್ನ ಮಾರ್ಕನ್ನು ಹೊಗಳಿದ ಮೊದಲ ಮನುಷ್ಯ ಅವನು. ನನಗೆ ಒಳಗೊಳಗೆ ಖುಷಿಯಾಯಿತು. ನಾಚಿಕೆಗೇಡು, ಆದರೆ ಆಯಿತು.

ಅಪ್ಪಯ್ಯ ಜೇಬಿನಿಂದ ಹೋಟೆಲಿನ ಹಳೇ ಬಿಲ್ ಪುಸ್ತಕ ತೆಗೆದು ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದರು. ಫೀಸು, ಹಾಸ್ಟೆಲ್, ವಿಮಾನ, ವೀಸಾ. ಕೂಡಿಸಿ ಅಡಿಗೆರೆ ಎಳೆದು ಒಂದೇ ಪ್ರಶ್ನೆ ಕೇಳಿದರು. "ಅಲ್ಲಿ ಓದಿ ಬಂದವರು ಇಲ್ಲಿ ಇನ್ನೊಂದು ಪರೀಕ್ಷೆ ಪಾಸಾಗಬೇಕಲ್ವಾ?"

ಎಫ್‌ಎಂಜಿಇ. 300ಕ್ಕೆ 150 ತೆಗೆಯಬೇಕು. ಬರೆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಫೇಲಾಗುವ ಪರೀಕ್ಷೆ ಅದು. ಅದು ಮುಗಿದ ಮೇಲೂ ಇಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ಹುಡುಗ "ಅದಕ್ಕೆ ನಾವೇ ಕೋಚಿಂಗ್ ಕೊಡ್ತೀವಿ" ಅಂದ. ಕೋಚಿಂಗ್ ಅನ್ನುವ ಶಬ್ದ ಕೇಳಿದ್ದೇ ಅಪ್ಪಯ್ಯ ಪೆನ್ನಿನ ಮುಚ್ಚಳ ಹಾಕಿದರು.

ಕೆಳಗೆ ಇಳಿದು ಬಂದ ಮೇಲೆ ಹೇಳಿದರು, "ಅವ ನಿನ್ ಮಾರ್ಕ್ ಕೇಣ್ಲಿಲ್ಲೆ ಕಾಣ್. ಬಜೆಟ್ ಕೇಂಡ." ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಜೇಬು ಕೇಳುವ ಹೋಟೆಲು ನಡೆಯುವುದಿಲ್ಲ ಅಂತ ಗೊಣಗಿಕೊಂಡರು. ಅವರಿಗೆ ಎಲ್ಲವೂ ಹೋಟೆಲೇ.

ವಾಪಸ್ ಬರುವಾಗ ಘಾಟ್ಕೋಪರ್ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ಅಲ್ಲಿ ನಾನು 510ರ ವಿಷಯ ಹೇಳಿದೆ. ಕೋಚಿಂಗ್ ಕ್ಲಾಸಿನ ಟೆಸ್ಟುಗಳನ್ನು ವಾರಕ್ಕೊಮ್ಮೆ ಮನೆಯಿಂದ ಬರೆಯುತ್ತಿದ್ದೆವು. ನಾನು ಫೋನು ಪಕ್ಕಕ್ಕಿಟ್ಟು ಬರೆಯುತ್ತಿದ್ದೆ. ಮೊದಲು ಒಂದೆರಡು ಸೂತ್ರ ನೋಡುತ್ತಿದ್ದೆ, ಆಮೇಲೆ ಉತ್ತರ. 470, 490, 510. ಅಪ್ಪಯ್ಯ ಆ ಅಂಕಗಳನ್ನು ಹೋಟೆಲಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು, ನಿಂತು ತಿನ್ನುವ ಗಿರಾಕಿಗೂ. ಎಷ್ಟು ಸಲ ಹೇಳಿದರೋ ಅಷ್ಟೂ ಸಲ ನಾನು ಅದನ್ನು ನಂಬಿದೆ. ಇದೇ ನನಗೆ ಈಗಲೂ ವಿಚಿತ್ರ ಅನ್ನಿಸುವುದು. ಕದ್ದದ್ದು ನಾನೇ, ಮೋಸ ಹೋದದ್ದೂ ನಾನೇ. ಕಷ್ಟದ ಪೇಪರು ಅಂತ ದೂರುತ್ತಿದ್ದೆನಲ್ಲ, ಸುಲಭದ ಪೇಪರು ಬಂದಿದ್ದರೆ ಎಷ್ಟು ಬರುತ್ತಿತ್ತೋ, ದೇವರೇ ಬಲ್ಲ.

ಅವರು ಬೈಯಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ. ದಿವಾ ಬರುವ ತನಕ ಕಿಟಕಿಯ ಕಡೆ ನೋಡುತ್ತಿದ್ದರು. ಆಮೇಲೆ, "ಹಂಗಾರೆ ಇನ್ನೊಂದ್ ವರ್ಷ ಓದುಕ್ ಆತ್ತಾ?"

"ಆಗುದಿಲ್ಲ ಅಪ್ಪಯ್ಯ."

"ಹ್ಞೂಂ."

ಡೊಂಬಿವಲಿಯಲ್ಲಿ ಇಳಿದು ಮನೆಗೆ ಮೀನು ತಗೊಂಡು ಹೋದೆವು.

ರಾತ್ರಿ ಊಟ ಆದ ಮೇಲೆ ಕಾಲೇಜುಗಳ ಪಟ್ಟಿ ಮಾಡಲು ಕೂತೆ. ಎಂಬಿಬಿಎಸ್‌ಗೆ ಒಂದು ಪಟ್ಟಿ, ಥೆರಪಿ ಕೋರ್ಸುಗಳಿಗೆ ಬೇರೆ. ಅಮ್ಮ ಹಿಂದೆ ನಿಂತು, ಹಾಕುವುದಕ್ಕೇನು ದುಡ್ಡಾ, ದೊಡ್ಡದ್ದನ್ನೇ ಮೇಲೆ ಹಾಕು ಅಂದಳು. ಅವಳ ಸಮಾಧಾನಕ್ಕೆ 329 ಅಂಕ ಇಟ್ಟುಕೊಂಡು ಪರೇಲಿನ ಕೆಇಎಂ ಆಸ್ಪತ್ರೆಯ ಕಾಲೇಜನ್ನು ಒಂದನೇ ನಂಬರಿಗೆ ಬರೆದೆ. ಎರಡು ಸಾಯನ್, ಮೂರು ನಾಯರ್. ಬರೆಯುವಾಗ ನನಗೇ ನಗು ಬಂತು.

ಎರಡನೇ ಪಟ್ಟಿಗೆ ಹೊತ್ತು ಹಿಡಿಯಿತು. ಫಿಸಿಯೋಥೆರಪಿ ಅಪ್ಪಯ್ಯನಿಗೆ ಗೊತ್ತಿತ್ತು, ಅವರ ಮಂಡಿನೋವಿಗೆ ಮಾಡಿಸಿಕೊಂಡಿದ್ದರು. ಅದರ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, "ಇದೆಂತ, ಆಕ್ಯುಪೇಷನಲ್ ಥೆರಪಿ?" ಅಂದರು. ಲಕ್ವ ಹೊಡೆದವರಿಗೆ ಮತ್ತೆ ಅಂಗಿಯ ಗುಂಡಿ ಹಾಕುವುದು, ಚಮಚ ಹಿಡಿಯುವುದು, ಸ್ನಾನ ಮಾಡುವುದು ಎಲ್ಲ ಅಭ್ಯಾಸ ಮಾಡಿಸುವುದು ಅಂತ ನನಗೆ ತಿಳಿದಷ್ಟು ಹೇಳಿದೆ. ಅವರ ಹೋಟೆಲಿನ ಹಳೇ ಭಟ್ರಿಗೆ ಹಾಗೇ ಆಗಿತ್ತು. ನಲವತ್ತು ವರ್ಷ ದೋಸೆ ಹೊಯ್ದ ಕೈ. ಊರಿಗೆ ಹೋದವರು ಆಮೇಲೆ ಬಂದಿರಲಿಲ್ಲ.

ಅಪ್ಪಯ್ಯ ಸ್ವಲ್ಪ ಹೊತ್ತು ತಮ್ಮ ಬಲಗೈಯನ್ನು ಮುಚ್ಚಿ ತೆರೆದು ಮಾಡಿದರು.

"ಚಮಚ ಹಿಡುಕ್ ಕಲ್ಸುಕೆ ನಾಕ್ ವರ್ಷ ಓದ್ಕಾ?"

"ನಾಲ್ಕೂವರೆ," ಅಂದೆ.