ನಕ್ಕರೆ ಮೂರೂವರೆ ಮಿಲಿಮೀಟರ್

ಫೋಟೊ ಅಂದರೆ ನನ್ನ ಕತ್ತು ತಾನಾಗಿಯೇ ಎಡಕ್ಕೆ ತಿರುಗುತ್ತದೆ. ಕ್ಯಾಮೆರಾಗೆ ಬಲಗೆನ್ನೆ ಮಾತ್ರ ಕಾಣಲಿ ಅಂತ.

ಐದು ವರ್ಷದ ಹಿಂದೆ, ಒಂದು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿ ಅಂಗಿ ಒದ್ದೆಯಾಯಿತು. ಬೆಲ್ಸ್ ಪಾಲ್ಸಿ, ಅಂದರೆ ಮುಖದ ಒಂದು ಕಡೆ ಇದ್ದಕ್ಕಿದ್ದಂತೆ ಸೋತುಹೋಗುವುದು. ಮುಖ ಆಡಿಸುವ ಏಳನೇ ನರ ಊದಿಕೊಂಡು, ಕಿವಿಯ ಹತ್ತಿರದ ಮೂಳೆಯೊಳಗಿನ ಇಕ್ಕಟ್ಟಾದ ಕೊಳವೆಯಲ್ಲಿ ಅದುಮಿ ಹೋಗುತ್ತದೆ. 72 ಗಂಟೆಯೊಳಗೆ ಸ್ಟೀರಾಯ್ಡ್ ಶುರುವಾದರೆ ಒಳ್ಳೆಯದು. ನಾನು ಡಾಕ್ಟರ ಹತ್ತಿರ ಹೋಗಿದ್ದು ಐದನೇ ದಿನ. ನಿದ್ದೆಗೆಟ್ಟಿದ್ದಕ್ಕೆ ಹೀಗಾಗಿದೆ ಅಂತ ಸುಮ್ನೆ ಕೂತಿದ್ದೆ.

ವರ್ಷ ತುಂಬುವ ಹೊತ್ತಿಗೆ ಕಣ್ಣು ಮುಚ್ಚುತ್ತಿತ್ತು, ನೀರು ಸೋರುತ್ತಿರಲಿಲ್ಲ. ಡಾಕ್ಟರು ಹುಬ್ಬು ಎತ್ತಿಸಿ, ಹಲ್ಲು ಕಿರಿಸಿ, 'ಗ್ರೇಡ್ 2' ಅಂತ ಬರೆದರು. ಇದು 1985ರಿಂದ ಬಳಕೆಯಲ್ಲಿರುವ ಹೌಸ್-ಬ್ರ್ಯಾಕ್‌ಮನ್ ಲೆಕ್ಕ. 1 ಅಂದರೆ ಮಾಮೂಲಿ ಮುಖ, 6 ಅಂದರೆ ಏನೂ ಅಲ್ಲಾಡದ ಮುಖ. ಇಡೀ ಮುಖಕ್ಕೆ ಒಂದೇ ಅಂಕಿ, ಅದೂ ನೋಡುವವರ ಅಂದಾಜಿನ ಮೇಲೆ. ಒಬ್ಬರಿಗೆ 2 ಕಂಡದ್ದು ಇನ್ನೊಬ್ಬರಿಗೆ 3 ಕಾಣಬಹುದು. ಕಾಗದದಲ್ಲಿ ನಾನು ಹೆಚ್ಚೂಕಡಿಮೆ ಗುಣವಾಗಿದ್ದೆ. ನಕ್ಕಾಗ ಎಡಗಣ್ಣು ಕಿರಿದಾಗುತ್ತದೆ ಅಂದರೆ, ಎಲ್ಲರಿಗೂ ಹಾಗೇ ಅಲ್ವಾ ಅಂತ ಮನೆಯವರೂ ಅನ್ನುತ್ತಿದ್ದರು.

ಕೊನೆಗೆ ಮುಖ ಅಳೆಯುವ ಕಡೆ ಹೋದೆ. ಎರಡೂ ಕಡೆ ಸಮನಾದ ಬೆಳಕು, ತಲೆ ಅಲುಗದಂಥ ಕುರ್ಚಿ, ಎದುರಿಗೆ ಒಂದು ಕ್ಯಾಮೆರಾ. ಕಣ್ಣು ಮೆಲ್ಲಗೆ ಮುಚ್ಚಿ. ಈಗ ಬಿಗಿಯಾಗಿ. ನಗಿ. ಊ ಅನ್ನಿ. ಪರದೆಯ ಮೇಲೆ ನನ್ನ ಮುಖಕ್ಕೆ 468 ಚುಕ್ಕೆಗಳ ಬಲೆ ಬಿತ್ತು. ಆದರೆ ಬಾಯಿಯ ಎಡತುದಿಯ ಚುಕ್ಕೆ ತುಟಿ ಬಿಟ್ಟು ಕೆನ್ನೆಯ ಮೇಲೆ ಕೂತಿತ್ತು. ಈ ಪ್ರೋಗ್ರಾಮುಗಳು ಜಾಸ್ತಿ ನೋಡಿ ಕಲಿತಿರುವುದು ಸರಿಯಿರುವ ಮುಖಗಳನ್ನೇ, ಹಾಗಾಗಿ ಸೊಟ್ಟ ಬಾಯಿ ಕಂಡರೆ ತಡವರಿಸುತ್ತವೆ. ಥೆರಪಿಸ್ಟ್ ಆ ಚುಕ್ಕೆಯನ್ನು ಮೌಸಿನಿಂದ ಎಳೆದು ಸರಿಯಾದ ಜಾಗಕ್ಕೆ ತಂದರು.

ನನಗೆ ತುಂಬಾ ಹಿಡಿಸಿದ್ದು ಅವರ ಅಳತೆಗೋಲು. ಕಣ್ಣಿನ ಬಣ್ಣದ ಬಿಲ್ಲೆ ಇದೆಯಲ್ಲ, ಅದರ ಅಗಲ ದೊಡ್ಡವರಲ್ಲಿ ಹೆಚ್ಚೂಕಡಿಮೆ ಒಂದೇ, ಸುಮಾರು 11.7 ಮಿಲಿಮೀಟರ್. ಚಿತ್ರದಲ್ಲಿ ಅದು ಎಷ್ಟು ಪಿಕ್ಸೆಲ್ ಅಂತ ಎಣಿಸಿದರೆ ಮಿಕ್ಕಿದ್ದೆಲ್ಲ ಮಿಲಿಮೀಟರಿಗೆ ಬರುತ್ತದೆ. ಸ್ಕೇಲು ಮುಖದೊಳಗೇ ಇತ್ತು!

ಸುಮ್ಮನಿದ್ದಾಗ ನನ್ನ ಬಲಗಣ್ಣು 10 ಮಿಲಿಮೀಟರ್ ತೆರೆದಿತ್ತು, ಎಡಗಣ್ಣು 8.5. ನಕ್ಕಾಗ ಬಲಗಣ್ಣು 9ಕ್ಕೆ ಇಳಿಯಿತು, ಎಡಗಣ್ಣು 5ಕ್ಕೆ. ಮೂರೂವರೆ ಮಿಲಿಮೀಟರ್. ಆ ಅಂಕಿ ನೋಡಿ ಅಳು ಬಂತು. ದುಃಖಕ್ಕಲ್ಲ, ಇದು ನನ್ನ ಭ್ರಮೆಯಲ್ಲ ಅಂತ ಗೊತ್ತಾಗಿದ್ದಕ್ಕೆ.

ಇದಕ್ಕೆ ಸಿಂಕೈನೀಸಿಸ್ ಅನ್ನುತ್ತಾರೆ. ಪೆಟ್ಟು ತಿಂದ ನರದ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತವೆ. ಕೆಲವು ದಾರಿ ತಪ್ಪಿ ಬೇರೆ ಸ್ನಾಯುವಿಗೆ ಹೋಗಿ ಸೇರುತ್ತವೆ. ಬಾಯಿಗೆ ಹೊರಟ ನಗು ಕಣ್ಣಿಗೂ ಮುಟ್ಟುತ್ತದೆ. ನಾನು ಎಡಗಡೆ ಇನ್ನೂ ಜೋತಿದೆ ಅಂದುಕೊಂಡಿದ್ದೆ. ನಿಜವಾಗಿ ಅದು ಬಿಗಿದಿತ್ತು. ಮುಖಕ್ಕೆ ಅಂಕ ಕೊಡುವ ಇನ್ನೊಂದು ಲೆಕ್ಕ, 1996ರ ಸನ್ನಿಬ್ರೂಕ್ ಪಟ್ಟಿಯಲ್ಲಿ ಈ ತಪ್ಪು ಚಲನೆಗೆ ಬೇರೆಯಾಗಿ ಅಂಕ ಕಳೆಯುತ್ತಾರೆ. ಅಲ್ಲೂ ಕಣ್ಣಂದಾಜೇ, ಆದರೂ ನನ್ನ ತೊಂದರೆಗೆ ಅಲ್ಲೊಂದು ಕಾಲಂ ಇತ್ತು.

ನಾಲ್ಕು ವರ್ಷ ಕನ್ನಡಿ ಮುಂದೆ ನಿಂತು, ಬಲ ಹಾಕಿ ಹಾಕಿ ನಗುವುದನ್ನು ಅಭ್ಯಾಸ ಮಾಡಿದ್ದೆ. ಅದು ಉಲ್ಟಾ ಕೆಲಸ. ಅರ್ಧ ನಗು ಸಾಕು, ಕಣ್ಣು ತೆರೆದೇ ಇರಲಿ ಅಂದರು ಥೆರಪಿಸ್ಟ್. ನಾಲ್ಕು ತಿಂಗಳ ನಂತರ ಮತ್ತೆ ಅಳೆದಾಗ ನಕ್ಕ ಎಡಗಣ್ಣು 6.2 ಇತ್ತು. ಬಾಯಿಯ ಎಡತುದಿ ಮಾತ್ರ ಮೊದಲು 7 ಮಿಲಿಮೀಟರ್ ಸರಿಯುತ್ತಿದ್ದದ್ದು 6.5ಕ್ಕೆ ಬಂದಿತ್ತು. ಬರೀ ಬಾಯಿ ಅಳೆದಿದ್ದರೆ ಹಿಂದೆ ಬಿದ್ದೆ ಅಂತ ಕೊರಗುತ್ತಿದ್ದೆ.

ಆವತ್ತು ಎಲ್ಲ ಮುಗಿಸಿ ಏಳುವಾಗ ಥೆರಪಿಸ್ಟ್ ಕುರ್ಚಿಯ ವೈರ್‌ಗೆ ಎಡವಿ, ಅದಕ್ಕೇ 'ಸಾರಿ' ಅಂದರು. ನಾನು ಜೋರಾಗಿ ನಕ್ಕೆ. ಕ್ಯಾಮೆರಾ ಇನ್ನೂ ಓಡುತ್ತಿತ್ತು. ಆಮೇಲೆ ಆ ತುಣುಕಿಗೂ ಚುಕ್ಕೆ ಹಾಕಿ ನೋಡಿದೆವು. ಎಡಗಣ್ಣು 4. ಹೇಳಿಸಿಕೊಂಡು ನಗುವುದಲ್ಲವಲ್ಲ ಇದು. ಅವರು ಅದನ್ನು ವರದಿಗೆ ಸೇರಿಸಲಿಲ್ಲ. ನಾನು ಕೇಳಿ ಫೋನಿಗೆ ಹಾಕಿಸಿಕೊಂಡು ಬಂದೆ.